33 ಅಂಕದ ಜಗಳ ಮುಗಿದಿದ್ದರೆ ಹತ್ತನೇ ಕ್ಲಾಸಿನ ಆಚೆಗೂ ಸ್ವಲ್ಪ ನೋಡಿ

2025ರ ಅಕ್ಟೋಬರ್‌ನಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಲು ಬೇಕಾದ ಅಂಕವನ್ನು ರಾಜ್ಯ ಸರ್ಕಾರ ಶೇ 35ರಿಂದ 33ಕ್ಕೆ ಇಳಿಸಿತು. ಅಂದಿನಿಂದ ಟಿವಿಯಲ್ಲಿ, ಫೇಸ್‌ಬುಕ್‌ನಲ್ಲಿ, ಚಹಾದಂಗಡಿಯಲ್ಲಿ ಒಂದೇ ಮಾತು: ಗುಣಮಟ್ಟ ಹಾಳಾಯ್ತು, ಈಗಿನ ಮಕ್ಕಳಿಗೆ ಓದೋದೇ ಬೇಕಿಲ್ಲ. ಮಾತಾಡಿದವರಲ್ಲಿ ಶಿಕ್ಷಣ ತಜ್ಞರಿದ್ದರು, ಶಾಲೆ ನಡೆಸುವವರಿದ್ದರು, ಮೂವತ್ತು ವರ್ಷದ ಹಿಂದೆ ಪರೀಕ್ಷೆ ಬರೆದು ಮರೆತವರೂ ಇದ್ದರು. ಈ ನಿಯಮದಲ್ಲಿ ಮೊದಲ ಸಲ ಪರೀಕ್ಷೆ ಬರೆಯುವವರನ್ನು ಮಾತ್ರ ಯಾರೂ ಕರೆದು ಕೇಳಲಿಲ್ಲ. ನಾನು ಅವರಲ್ಲಿ ಸೇರಿದ್ದೇನೆ. ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ.

ಮೊದಲು ನಿಯಮ ಏನಂತ ನೋಡೋಣ, ಯಾಕಂದ್ರೆ ಬೈಯುವವರಲ್ಲಿ ಬಹಳ ಜನ ಅದನ್ನು ಓದಿದ ಹಾಗೆ ಕಾಣಿಸುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಆರು ವಿಷಯ, 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಇದರಲ್ಲಿ ಲಿಖಿತ ಪರೀಕ್ಷೆಯ ಪಾಲು 500, ಶಾಲೆಯಲ್ಲೇ ಕೊಡುವ ಆಂತರಿಕ ಅಂಕದ ಪಾಲು 125. ಹೊಸ ನಿಯಮದ ಪ್ರಕಾರ ಆಂತರಿಕ, ಲಿಖಿತ ಎರಡೂ ಸೇರಿ ಕನಿಷ್ಠ 206 ಬರಬೇಕು. ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಬೇಕು ಅನ್ನುವುದು ಇನ್ನೊಂದು ಷರತ್ತು. ಶೇ 35 ಅಂದರೆ 219 ಆಗುತ್ತಿತ್ತು. ಅಂದರೆ ರಾಜ್ಯವೆಲ್ಲ ಕೂಗಾಡಿದ್ದು 13 ಅಂಕದ ಸಲುವಾಗಿ.

ಜಗಳ ಆಡಲೇಬೇಕಿದ್ದರೆ ಆ 125ರ ಬಗ್ಗೆ ಆಡಬೇಕಿತ್ತು. ಆಂತರಿಕ ಅಂಕವನ್ನು ಬಹುಪಾಲು ಶಾಲೆಗಳಲ್ಲಿ ಹೆಚ್ಚು ಕಡಿಮೆ ಪೂರ್ತಿ ಕೊಡುತ್ತಾರೆ, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಪೂರ್ತಿ ಬಂತು ಅಂದುಕೊಳ್ಳಿ. ಒಟ್ಟು ಅಂಕದ ಲೆಕ್ಕವಷ್ಟೇ ನೋಡಿದರೆ, 206ರಲ್ಲಿ 125 ಕಳೆದು ಉಳಿಯೋದು 81. ಲಿಖಿತ ಪರೀಕ್ಷೆಯ 500ಕ್ಕೆ 81. ಆಂತರಿಕ ಅಂಕ ಬರೋದು ಎಫ್ಎ ಟೆಸ್ಟು, ಚಟುವಟಿಕೆ, ಪ್ರಾಜೆಕ್ಟುಗಳಿಂದ. ನಿಜವಾಗಿ ಮಾಡಿದರೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ: ವರ್ಷಪೂರ್ತಿ ಕಲಿತದ್ದಕ್ಕೆ ಬೆಲೆ ಸಿಗುತ್ತದೆ, ಮೂರು ಗಂಟೆಯಲ್ಲಿ ಎಲ್ಲ ನಿರ್ಧಾರ ಆಗುವುದಿಲ್ಲ. ಆದರೆ ನಮ್ಮಲ್ಲಿ ಪ್ರಾಜೆಕ್ಟ್ ಅಂದರೆ ಅಂಗಡಿಯಲ್ಲಿ ಸಿಗುವ ಚಿತ್ರದ ಚಾರ್ಟು, ಬಣ್ಣದ ಸ್ಕೆಚ್ ಪೆನ್ನು, ಹಿಂದಿನ ವರ್ಷದವರ ಫೈಲು. ಬರೆದದ್ದನ್ನು ಓದುವವರಿಲ್ಲ, ಬರೆದವರಿಗೂ ಅದು ಗೊತ್ತು.

ಇನ್ನು ಫಲಿತಾಂಶದ ಅಂಕಿ. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಸಿಸಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ 73.40ಕ್ಕೆ ನಿಂತಿತು. 2025ರಲ್ಲಿ ಗ್ರೇಸ್ ತೆಗೆದರು, ಶಾಲಾ ವಿದ್ಯಾರ್ಥಿಗಳ ಫಲಿತಾಂಶ ಶೇ 66ರ ಆಸುಪಾಸಿಗೆ ಬಂತು. ದಕ್ಷಿಣ ಕನ್ನಡ 91.12, ಕಲಬುರಗಿ 42.43. ಕ್ಯಾಮೆರಾ ಬಂದದ್ದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ, ನಮ್ಮ ಕ್ಲಾಸಿನ ಕೆಲವರಿಗೆ ಇದು ಹಿಡಿಸದೇ ಇರಬಹುದು. ಕಾಪಿ ನಿಂತ ಮೇಲೇ ನಿಜವಾದ ಚಿತ್ರ ಕಂಡಿದ್ದು. ಆದರೆ ಚಿತ್ರ ಕಂಡ ಮೇಲೆ ಮಾಡಿದ್ದೇನು? ಗ್ರೇಸ್ ಕೊಡುವುದು, ತೆಗೆಯುವುದು, ಪಾಸ್ ಅಂಕ ಇಳಿಸುವುದು. ಬದಲಾವಣೆ ಎಲ್ಲ ಹೊರಗೆ ಹೋಗುವ ಬಾಗಿಲಿಗೇ.

ಬಾಗಿಲ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ನಮ್ಮಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದಿದೆ. ರಾಜ್ಯದ ಯಾವ ಪ್ರೌಢಶಾಲೆಗೆ ಹೋಗಿ ಕೇಳಿದರೂ ಈ ಹೆಸರು ಗೊತ್ತಿರುತ್ತದೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಚಿತವಾಗಿ ಬರುವ ಪ್ರಶ್ನೆಗಳನ್ನು ಆರಿಸಿ, ಕಲಿಕೆಯಲ್ಲಿ ಹಿಂದುಳಿದವರಿಗೆ ಅಷ್ಟನ್ನೇ ತಿದ್ದಿಸಿ ತಿದ್ದಿಸಿ ಬಾಯಿಪಾಠ ಮಾಡಿಸುವುದು. ಗಣಿತದಲ್ಲಿ ಥೇಲ್ಸ್‌ನ ಪ್ರಮೇಯ, ಎರಡು ರೇಖಾತ್ಮಕ ಸಮೀಕರಣದ ನಕ್ಷೆ. ವಿಜ್ಞಾನದಲ್ಲಿ ನಾಲ್ಕೈದು ಚಿತ್ರ. ಸಮಾಜದಲ್ಲಿ ಭಾರತದ ನಕಾಶೆ. ಮುಂಜಾನೆ ಒಂದು ಸ್ಪೆಷಲ್ ಕ್ಲಾಸು, ಸಂಜೆ ಒಂದು. "ನೀ ಇಷ್ಟ್ ಬರಿ ಸಾಕು, ಪಾಸ್ ಆಗ್ತಿ" ಅಂತಾರೆ ಸರ್.

ಸರ್ ಮೇಲೆ ನನಗೆ ಸಿಟ್ಟಿಲ್ಲ. ಫಲಿತಾಂಶ ಕಮ್ಮಿ ಆದರೆ ಉತ್ತರ ಕೊಡಬೇಕಾದವರು ಅವರೇ. ವರ್ಷಕ್ಕೊಮ್ಮೆ ಬದಲಾಗುವ ಅತಿಥಿ ಶಿಕ್ಷಕರಾದರೆ ಕೇಳುವುದೇ ಬೇಡ, ಮುಂದಿನ ಜೂನ್‌ನಲ್ಲಿ ಕೆಲಸ ಇರುತ್ತದೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಆದರೆ ನನ್ನ ಪಕ್ಕದಲ್ಲಿ ಕೂರುವ ಗೆಳತಿ ನಕ್ಷೆಯ ಲೆಕ್ಕವನ್ನು ಕಣ್ಣುಮುಚ್ಚಿ ಮಾಡುತ್ತಾಳೆ, ಆ ಎರಡು ಗೆರೆ ಕೂಡುವ ಬಿಂದು ಏನು ಹೇಳುತ್ತದೆ ಅಂತ ಕೇಳಿದರೆ ನಗುತ್ತಾಳೆ. ಮೂರನೇ ಒಂದು, ನಾಲ್ಕನೇ ಒಂದು, ಇವೆರಡರಲ್ಲಿ ಯಾವುದು ದೊಡ್ಡದು ಅಂದರೂ ಅಷ್ಟೇ.

ಅದಕ್ಕೆ ಕಾರಣ ಹುಡುಕೋದು ಕಷ್ಟವಲ್ಲ. 2025–26ರಲ್ಲಿ ಹತ್ತನೇ ತರಗತಿಯಲ್ಲಿರುವವರು 2020ರ ಮಾರ್ಚ್‌ನಲ್ಲಿ ನಾಲ್ಕನೇ ತರಗತಿಯಲ್ಲಿದ್ದರು. ಐದನೇ ತರಗತಿಯನ್ನು ನಾವು ನೋಡಲೇ ಇಲ್ಲ. ವಿದ್ಯಾಗಮ ಅಂತ ಮರದ ಕೆಳಗೆ, ಗುಡಿಯ ಕಟ್ಟೆ ಮೇಲೆ ಸ್ವಲ್ಪ ದಿನ ಪಾಠ ನಡೆಯಿತು, ಅದೂ ಅರ್ಧಕ್ಕೆ ನಿಂತಿತು. ಮತ್ತೆ ಶಾಲೆಯ ಬಾಗಿಲು ತೆರೆದಾಗ 2021ರ ಸೆಪ್ಟೆಂಬರ್, ನಾವು ಆರನೇ ತರಗತಿ. ಭಿನ್ನರಾಶಿ, ದಶಮಾಂಶ, ದೊಡ್ಡ ಭಾಗಾಕಾರ ಗಟ್ಟಿಯಾಗಬೇಕಿದ್ದ ವರ್ಷವೇ ಹೋಗಿತ್ತು. 2022–23ರಲ್ಲಿ 'ಕಲಿಕಾ ಚೇತರಿಕೆ' ಅಂತ ಒಂದು ಕಾರ್ಯಕ್ರಮ ಬಂತು, ಹಾಳೆಗಳು ಬಂದವು, ತುಂಬಿದೆವು. ಮುಂದಿನ ವರ್ಷ ಎಲ್ಲರೂ ಚೇತರಿಸಿಕೊಂಡಿದ್ದಾರೆ ಅನ್ನುವ ಹಾಗೆ ಪಾಠ ಮುಂದಕ್ಕೆ ಹೋಯಿತು. ಊರಲ್ಲಿ ಯಾರ ಮನೆಯಲ್ಲಿ ಟ್ಯೂಷನ್‌ಗೆ ದುಡ್ಡಿತ್ತೋ ಅವರು ಆ ವರ್ಷವನ್ನು ಕೊಂಡುಕೊಂಡರು. ಉಳಿದವರಿಗೆ ಪಾಸಿಂಗ್ ಪ್ಯಾಕೇಜ್.

ಶಿಕ್ಷಣದ ಭವಿಷ್ಯ ಅಂದ ಕೂಡಲೇ ದೊಡ್ಡವರು ಎಐ ಬಗ್ಗೆ ಮಾತು ಶುರು ಮಾಡುತ್ತಾರೆ. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಮನೆಯಲ್ಲಿರುವುದು ಒಂದು ಸ್ಮಾರ್ಟ್‌ಫೋನು, ಅದು ಹಗಲೆಲ್ಲ ಅಪ್ಪನ ಜೊತೆ ಹೋಗಿರುತ್ತದೆ. ರಾತ್ರಿ ಸಿಕ್ಕರೆ ಯೂಟ್ಯೂಬ್‌ನಲ್ಲಿ ಗಣಿತ ನೋಡುತ್ತೇನೆ, ಚಾಟ್‌ಜಿಪಿಟಿಯನ್ನೂ ಕೇಳಿದ್ದೇನೆ. ಚೆನ್ನಾಗಿ ಬಿಡಿಸಿ ಹೇಳುತ್ತದೆ. ಆದರೆ ಅರ್ಧ ಮಾಡಿದ ಲೆಕ್ಕ ನೋಡಿ, ಇವಳಿಗೆ ಗೊತ್ತಿಲ್ಲದ್ದು ಇದಲ್ಲ, ಐದನೇ ಕ್ಲಾಸಿನ ಇನ್ನೊಂದು ವಿಷಯ ಅಂತ ಹಿಡಿದು, ಮರುದಿನ ಮತ್ತೆ ಕೂರಿಸಿಕೊಂಡು ಕೇಳುವ ಒಬ್ಬ ಮನುಷ್ಯ ಬೇಕು. ಸದ್ಯಕ್ಕೆ ನಮಗೆ ಕಮ್ಮಿ ಇರೋದು ಅದು.

ಹಾಗಾದರೆ ಯಾವುದರ ಬಗ್ಗೆ ಮಾತಾಡಬೇಕು? 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮುಖ್ಯಮಂತ್ರಿಗೆ ವರದಿ ಕೊಟ್ಟಿತು. ಸುದ್ದಿಯಾದದ್ದು ಅದರ ಭಾಷಾ ಶಿಫಾರಸು: ಮೂರು ಭಾಷೆ ಬದಲು ಎರಡು ಭಾಷೆ. ಅದರಲ್ಲಿ ಇನ್ನೊಂದು ಶಿಫಾರಸು ಇತ್ತು, ಅದರ ಮೇಲೆ ಟಿವಿ ಚರ್ಚೆ ನಡೆದದ್ದು ನಾನು ನೋಡಿಲ್ಲ. ಶಾಲಾ ಶಿಕ್ಷಣವನ್ನು 2+8+4 ಅಂತ ಕಟ್ಟಬೇಕು ಅನ್ನುವುದು. ಎರಡು ವರ್ಷ ಶಾಲಾಪೂರ್ವ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಮಾಧ್ಯಮಿಕ. ಕೇಳೋದಕ್ಕೆ ಬರೀ ಗಣಿತ. ಆದರೆ ಕೊನೆಯ ಆ ನಾಲ್ಕು ಇದೆಯಲ್ಲ, ಅದು 9ರಿಂದ 12ರವರೆಗೆ ಒಂದೇ ಘಟ್ಟ ಅನ್ನುತ್ತದೆ. ಹತ್ತನೇ ತರಗತಿ ಆಗ ಕೊನೆಯಲ್ಲ, ನಡುವಿನ ಒಂದು ಮೆಟ್ಟಿಲು.

ಇದು ಯಾಕೆ ದೊಡ್ಡದು ಅಂದರೆ, ಈಗಿನ ಕಾನೂನು ನಮ್ಮನ್ನು ಎಂಟನೇ ತರಗತಿಗೇ ಕೈಬಿಡುತ್ತದೆ. ಸಂವಿಧಾನದ 21ಎ ವಿಧಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಎರಡೂ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ ಉಚಿತ, ಕಡ್ಡಾಯ ಶಿಕ್ಷಣದ ಖಾತ್ರಿ ಕೊಡುತ್ತವೆ. ಒಂಬತ್ತನೇ ತರಗತಿಗೆ ಕಾಲಿಟ್ಟವರು ಹಕ್ಕಿನಿಂದ ಯೋಜನೆಗೆ ಇಳಿಯುತ್ತಾರೆ. ಯೋಜನೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಂಟನೇ ತರಗತಿಯವರಿಗೆ ಕೊಡುತ್ತಿದ್ದ ಸೈಕಲ್ಲು ಕೋವಿಡ್ ಹೊತ್ತಿಗೆ ನಿಂತೇ ಹೋಯಿತು, ನಾವು ಎಂಟಕ್ಕೆ ಬಂದಾಗ ಅಕ್ಕಂದಿರ ಹಳೇ ಸೈಕಲ್ ನೋಡಿದೆವು ಅಷ್ಟೇ. ಮೊಟ್ಟೆ ಹತ್ತನೇ ತರಗತಿವರೆಗೂ ಸಿಗುತ್ತದೆ, ಅದು ಒಳ್ಳೆಯದಾಗಿದೆ. ಹುಡುಗಿಯರಿಗೆ ಶಕ್ತಿ ಯೋಜನೆಯ ಬಸ್ಸಿದೆ. ಬಸ್ಸು ಬಂದರೆ.

ಹತ್ತು ಮುಗಿದ ಮೇಲೆ ನಿಜವಾದ ಕಂದಕ. ಪಿಯು ಕಾಲೇಜು ಇರೋದು ತಾಲ್ಲೂಕು ಕೇಂದ್ರದಲ್ಲಿ ಅಥವಾ ಹೋಬಳಿಯಲ್ಲಿ. ಬೇರೆ ಕಟ್ಟಡ, ಬೇರೆ ಊರು, ಬೇರೆ ಉಪನ್ಯಾಸಕರು. ವಿಜ್ಞಾನ ತಗೊಂಡರೆ ಮಾಧ್ಯಮವೂ ಬೇರೆ. ದ್ಯುತಿಸಂಶ್ಲೇಷಣೆ ಅಂತ ಓದಿದ್ದು ರಾತ್ರೋರಾತ್ರಿ ಫೋಟೋಸಿಂಥೆಸಿಸ್ ಆಗುತ್ತದೆ, ವೇಗೋತ್ಕರ್ಷ ಆಕ್ಸಿಲರೇಶನ್ ಆಗುತ್ತದೆ. ನಮ್ಮ ಊರಿನ ಅಣ್ಣಂದಿರಲ್ಲಿ ಹತ್ತರಲ್ಲಿ ಶೇ 80 ತೆಗೆದವರೂ ಮೊದಲ ಟೆಸ್ಟಿನ ನಂತರ ಕಲಾ ವಿಭಾಗಕ್ಕೆ ಬದಲಾಗಿದ್ದಾರೆ, ಕೆಲವರು ಬಿಟ್ಟೇ ಹೋಗಿದ್ದಾರೆ. ದಡ್ಡರು ಅಂತಲ್ಲ. ಹುಡುಗಿಯರಿಗೆ ಈ ಹೊತ್ತಿನಲ್ಲೇ ಮನೆಯಲ್ಲಿ ಮದುವೆ ಮಾತು ಬರುತ್ತದೆ. ಶಾಲೆ ಇರುವವರೆಗೆ "ಇನ್ನ ಸಾಲಿ ಮುಗಿದಿಲ್ಲ" ಅಂತ ಅವ್ವ ಒಂದು ಮಾತು ಹೇಳಬಹುದು, ಶಾಲೆ ಮುಗಿದ ಮೇಲೆ ಆ ಮಾತೂ ಇರುವುದಿಲ್ಲ. 9ರಿಂದ 12 ಒಂದೇ ಕಡೆ ಇದ್ದರೆ ಆ ಮಾತಿಗೆ ಎರಡು ವರ್ಷ ಆಯುಷ್ಯ ಹೆಚ್ಚುತ್ತದೆ, ಹದಿನೆಂಟು ತುಂಬುವ ಹತ್ತಿರಕ್ಕೆ ಬರುತ್ತದೆ.

ಇದು ಆಗದ ಕೆಲಸವೇನಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ದ್ವಿತೀಯ ಪಿಯುವರೆಗೆ ಒಂದೇ ಆವರಣದಲ್ಲಿ ನಡೆಯುತ್ತಿದೆ. ಆದರೆ ಇದರಲ್ಲೂ ಒಂದು ಎಚ್ಚರಿಕೆ ಬೇಕು. ದೊಡ್ಡ ಶಾಲೆ ಕಟ್ಟುವ ನೆಪದಲ್ಲಿ ಸುತ್ತಲಿನ ಸಣ್ಣ ಪ್ರಾಥಮಿಕ ಶಾಲೆ ಮುಚ್ಚಿದರೆ, ಮೇಲಿನ ಎರಡು ವರ್ಷ ಉಳಿಸಲು ಹೋಗಿ ಕೆಳಗಿನ ಎರಡು ವರ್ಷ ಕಳೆದಂತೆ. ಆರು ವರ್ಷದ ಮಗು ಮೂರು ಕಿಲೋಮೀಟರ್ ನಡೆಯುವುದಿಲ್ಲ. ಪ್ರೌಢಶಾಲೆಗೆ ಪಿಯು ಸೇರಿಸಿ ಅನ್ನುವುದು ನನ್ನ ಮಾತು, ಅಂಗಳದ ಶಾಲೆ ಎತ್ತಿಕೊಂಡು ಹೋಗಿ ಅಂತಲ್ಲ.

ಮೂರು ಪರೀಕ್ಷೆ ಪದ್ಧತಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. 2024ರಿಂದ ಜಾರಿಯಾದ ಈ ಪದ್ಧತಿಯಲ್ಲಿ ಒಂದರಲ್ಲಿ ಬಿದ್ದವರು ಎರಡು, ಮೂರು ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ. ಫೇಲ್ ಅನ್ನುವ ಮಾತಿನ ಹೆದರಿಕೆ ಇದರಿಂದ ನಿಜಕ್ಕೂ ಕಮ್ಮಿಯಾಗಿದೆ. ಇದನ್ನು ಗುಣಮಟ್ಟದ ಇಳಿಕೆ ಅನ್ನುವವರಿಗೆ ಒಂದು ಪ್ರಶ್ನೆ: ಡ್ರೈವಿಂಗ್ ಲೈಸೆನ್ಸ್ ಟೆಸ್ಟಿಗೆ ಎಷ್ಟು ಸಲ ಹೋಗಬಹುದು?

ತೊಂದರೆ ಇರೋದು ನಡುವಿನ ದಿನಗಳಲ್ಲಿ. ಒಂದನೇ ಪರೀಕ್ಷೆಯಲ್ಲಿ ಗಣಿತ ಹೋದವರಿಗೆ ಮುಂದಿನ ಪರೀಕ್ಷೆಗೆ ಪಾಠ ಹೇಳುವವರು ಯಾರು? ಹೊರಗೆ ಬೇಸಿಗೆ ರಜೆ, ಶಾಲೆಯ ಮೇಷ್ಟ್ರಿಗೆ ಹೊಸ ಕ್ಲಾಸಿನ ತಯಾರಿ. ವಿಶೇಷ ತರಗತಿ ನಡೆಸಿ ಅಂತ ಆದೇಶ ಬರುತ್ತದೆ, ಆದರೆ ಆ ಹೊತ್ತಿಗೆ ಅರ್ಧ ಹುಡುಗರು ಬೆಂಗಳೂರಿಗೋ ಪುಣೆಗೋ ಅಪ್ಪನ ಜೊತೆ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಮೂರನೇ ಪರೀಕ್ಷೆ 2024ರಲ್ಲಿ ನಡೆದದ್ದು ಆಗಸ್ಟ್‌ನಲ್ಲಿ, 2025ರಲ್ಲಿ ಜುಲೈನಲ್ಲಿ. ಜೂನ್‌ನಲ್ಲೇ ಪಿಯು ತರಗತಿ ಶುರುವಾಗಿರುತ್ತದೆ. ಮೂರನೇ ಪರೀಕ್ಷೆ ಪಾಸಾಗಿ ಕಾಲೇಜಿಗೆ ಹೋದವರು ಒಂದೆರಡು ತಿಂಗಳ ಪಾಠ ಕಳೆದುಕೊಂಡು, ಗೊತ್ತಿಲ್ಲದ ಊರಲ್ಲಿ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ಆ ಎರಡು ತಿಂಗಳ ಪಾಠ ಯಾರು, ಯಾವಾಗ ಮಾಡಬೇಕು ಅಂತ ಆದೇಶದಲ್ಲಿ ಬರೆದು, ಅದಕ್ಕೊಬ್ಬ ಉಪನ್ಯಾಸಕರನ್ನು ಕೊಟ್ಟರೆ ಸಾಕು, ಪಾಸ್ ಅಂಕ 33 ಇರಲಿ 35 ಇರಲಿ ನಮಗೆ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ.