ಜೋಳದ ದಂಟಿನ ಬಂಡಿ, ತೆಂಗಿನ ಗರಿಯ ಪೀಪಿ

ಚನ್ನಪಟ್ಟಣದ ಬೊಂಬೆಗೂ ಕಿನ್ನಾಳದ ಗೊಂಬೆಗೂ ಭೌಗೋಳಿಕ ಗುರುತಿನ ಮನ್ನಣೆ ಇದೆ. ಹಿತ್ತಿಲಲ್ಲಿ ಬೆಳಿಗ್ಗೆ ಹುಟ್ಟಿ ಸಂಜೆಗೆ ಬಾಡಿಹೋಗುವ ಆಟಿಕೆಗಳಿಗೆ ಅಂಥದ್ದೇನೂ ಇಲ್ಲ, ಇರುವುದೂ ಬೇಡ. ಊರಲ್ಲಿ ಏನು ಬೆಳೆಯುತ್ತದೋ ಅದೇ ಅಲ್ಲಿನ ಮಕ್ಕಳ ಸಾಮಾನು. ಅದು ಸಿಗುವ ಕಾಲವೇ ಆಟದ ಕಾಲ.

ಉತ್ತರ ಕರ್ನಾಟಕದಲ್ಲಿ ಹಿಂಗಾರಿ ಜೋಳ ಕೊಯ್ದು ಮುಗಿದಾಗ ದಂಟಿಗೆ ಬರವಿಲ್ಲ. ಒಣದಂಟಿನ ಮೇಲಿನ ಸಿಪ್ಪೆ ಸೀಳಿದರೆ ಗಟ್ಟಿ ಸಿಬಿರು, ಒಳಗೆ ಹಗುರವಾದ ಬೆಂಡು. ಬೆಂಡಿನ ತುಂಡಿಗೆ ಸಿಬಿರು ಚುಚ್ಚಿದರೆ ಸಾಕು, ಕಚ್ಚಿಕೊಂಡು ನಿಲ್ಲುತ್ತದೆ. ಅಂಟಿಲ್ಲದೆ, ಮೊಳೆಯಿಲ್ಲದೆ ಚಕ್ಕಡಿ, ನೊಗ, ಕನ್ನಡಕ ಎಲ್ಲ ಆಗುತ್ತವೆ. ಸಿಬಿರಿನ ಅಂಚು ಬೆರಳು ಕೊಯ್ಯುತ್ತದೆ. ಅದಕ್ಕೇ ಸೀಳುವ ಕೆಲಸ ಅಣ್ಣಂದಿರದು, ಚುಚ್ಚುವುದು ಚಿಕ್ಕವರದು. ಮಳೆ ಬಿದ್ದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಕೈಗೆ ಎರೆಮಣ್ಣು ಬರುತ್ತದೆ. ಅಂದು ಮಾಡಿದ ಎತ್ತಿಗೆ ಮನೆಯವರೂ ಪೂಜೆ ಮಾಡುತ್ತಾರೆ! ಆಷಾಢದ ಮಂಗಳವಾರಗಳಲ್ಲಿ ಅದೇ ಮಣ್ಣು ಗುಳ್ಳವ್ವನ ಮೂರ್ತಿಯಾಗುತ್ತದೆ.

ಮಲೆನಾಡಿನ ಪೆಟ್ಲು ಎಂಬ ಬಿದಿರ ಕೋವಿ ಮಾತ್ರ ಬೇರೆಯೇ ಜಾತಿಯದು. ಗಣೇಶ ಚೌತಿಯ ಆಸುಪಾಸಿನಲ್ಲಿ ಅದಕ್ಕೆ ಗುಂಡಾಗುವ ಜುಮ್ಮನಕಾಯಿ ಇನ್ನೂ ಹಸಿರಾಗಿ, ಬಟಾಣಿಗಿಂತ ತುಸು ಆಚೀಚೆ ಗಾತ್ರದಲ್ಲಿರುತ್ತದೆ. ಗಂಟಿಲ್ಲದ ಗೇಣುದ್ದ ಬಿದಿರಿನ ಕೊಳವೆ, ಅದರೊಳಗೆ ಹೋಗುವಂಥ ಒಂದು ಹಿಡಿಕೋಲು, ಸಾಮಾನು ಇಷ್ಟೇ. ಕೋಲು ಕೊಳವೆಗಿಂತ ಒಂದು ಕಾಯಿಯಷ್ಟು ಗಿಡ್ಡವಿರಬೇಕು. ಗುಟ್ಟೆಲ್ಲ ಅಲ್ಲೇ ಇದೆ. ಮೊದಲ ಕಾಯನ್ನು ತಳ್ಳಿದರೆ ಅದು ಹೊರಬೀಳದೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡನೆಯದನ್ನು ಜೋರಾಗಿ ತಳ್ಳಿದಾಗ ನಡುವಿನ ಗಾಳಿ ಒತ್ತಿಕೊಂಡು, ತಡೆಯಲಾರದೆ ಮುಂದಿನ ಕಾಯನ್ನು 'ಪಟ್' ಎಂದು ಹಾರಿಸುತ್ತದೆ. ಹಿಂದಿನದು ಬಾಯಿಗೆ ಬಂದು ಕೂತು ಮುಂದಿನ ಸರದಿಗೆ ಸಿದ್ಧ. ಗಾಳಿಯ ಒತ್ತಡದ ಪಾಠವನ್ನು ಇದಕ್ಕಿಂತ ಜೋರಾಗಿ ಹೇಳುವ ಪುಸ್ತಕ ನನಗಂತೂ ಗೊತ್ತಿಲ್ಲ. ಛತ್ತೀಸಗಢದ ಜಗದಲಪುರದಲ್ಲಿ ರಥಯಾತ್ರೆಯ ಹೊತ್ತಿಗೆ ನಡೆಯುವ ಗೋಂಚಾ ಹಬ್ಬದಲ್ಲಿ ದೊಡ್ಡವರೂ ಇಂಥದೇ ಬಿದಿರ ಕೋವಿ ಹಿಡಿಯುತ್ತಾರೆ. ಅಲ್ಲಿ ಅದಕ್ಕೆ ತುಪಕಿ ಎನ್ನುತ್ತಾರೆ. ಮುಖದತ್ತ ಗುರಿಯಿಡಬಾರದು ಎಂಬ ಕಟ್ಟಪ್ಪಣೆ ಹಾಕಿಯೇ ಮಕ್ಕಳ ಕೈಗೆ ಕೊಡಬೇಕಾದ ವಸ್ತು ಇದು. ಐದು ವರ್ಷದೊಳಗಿನವರಿಗೆ ನೋಡುವ ಭಾಗ್ಯ ಮಾತ್ರ.

ಅವರಿಗೆ ಅಡಿಕೆ ಹಾಳೆಯೇ ಸೈ. ಅಗಲದ ಕಡೆ ಒಬ್ಬರು ಕೂತು, ಸೋಗೆಯ ಕಡೆ ಇನ್ನೊಬ್ಬರು ಹಿಡಿದು ಎಳೆದರೆ ಅಂಗಳವೇ ರಾಜಬೀದಿ. ಈಗ ಬಿದ್ದ ಹಾಳೆಯೆಲ್ಲ ಊಟದ ತಟ್ಟೆಯ ಘಟಕಕ್ಕೆ ಹೋಗುವುದರಿಂದ ಮಕ್ಕಳು ಬೇಗ ಎದ್ದು ಆರಿಸಿಕೊಳ್ಳಬೇಕು, ಅಷ್ಟೆ.

ತೆಂಗಿನ ಗರಿಯ ಪೀಪಿಯನ್ನು ಎಲ್ಲಿ ಬೇಕಾದರೂ ಮಾಡಬಹುದು. ಕಡ್ಡಿ ತೆಗೆದ ಗರಿಯನ್ನು ಓರೆಯಾಗಿ, ಸುತ್ತಿನ ಮೇಲೆ ಅರ್ಧ ಸುತ್ತು ಬರುವಂತೆ ಸುತ್ತುತ್ತ ಹೋಗಿ, ಅಗಲವಾದ ತುದಿಗೆ ಅದೇ ಕಡ್ಡಿಯ ಚೂರು ಚುಚ್ಚಿ. ಸಣ್ಣ ಬಾಯನ್ನು ಹಲ್ಲಿನಿಂದ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿದರೆ ಎರಡು ಪದರ ಅದುರಿ ಸ್ವರ ಹೊರಡುತ್ತದೆ. ಇನ್ನೊಂದು ಗರಿ ಸೇರಿಸಿ ಉದ್ದ ಮಾಡಿದರೆ ಸ್ವರ ತಗ್ಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮಧ್ಯಾಹ್ನದ ನಿದ್ದೆಯ ಆಸೆ ಬಿಡಿ.

ಇಂಥ ಬಿಟ್ಟಿ ಸಾಮಾನಿಗೂ ಗೌರವ ಸಿಕ್ಕಿದ್ದುಂಟು. ಅಮೆರಿಕದ ರೋಚೆಸ್ಟರ್‌ನಲ್ಲಿರುವ ಆಟದ ವಸ್ತುಸಂಗ್ರಹಾಲಯ ತನ್ನ ಆಟಿಕೆಗಳ ಗೌರವ ಪಟ್ಟಿಗೆ 2008ರಲ್ಲಿ ಬರೀ ಕೋಲನ್ನೂ 2021ರಲ್ಲಿ ಮರಳನ್ನೂ ಸೇರಿಸಿತು.

ಬೆಂಗಳೂರಿನವರೂ ಕೈಚೆಲ್ಲಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರ್ ಹೂವಿನ ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಎಳೆಯಿರಿ. ತಲೆ ಕಳಚಿದವರು ಸೋತರು. ನೀರುಕಾಯಿ ಮರದ ಮೊಗ್ಗು ಹಿಚುಕಿದರೆ ಪಿಚಕಾರಿ. ಬೀಜ ಆರಿಸುವ ಆಟದಲ್ಲಿ ಮಾತ್ರ ದೊಡ್ಡವರ ಕಣ್ಣು ಇರಲಿ. ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಗುಲಗಂಜಿಯನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಎಳೆಯ ಮಕ್ಕಳಿಗೆ ಬಾಯೊಳಗೆ ಹೋಗದಷ್ಟು ದೊಡ್ಡ ಚಿಪ್ಪು, ಕಾಯಿ, ಎಲೆಗಳನ್ನೇ ಕೊಡಿ.