ಒಂದು ಮಿಲಿಸೆಕೆಂಡಿನ ಶಿಸ್ತು

ಉಗಾರ ಖುರ್ದದಲ್ಲಿ ರೈಲು ಹತ್ತಿದರೆ ಒಂದು ಕಡೆ ಮಿರಜ, ಇನ್ನೊಂದು ಕಡೆ ಬೆಳಗಾವಿ. ಯಾವ ಕಡೆ ಹೋದರೂ ಎರಕ ಹೊಯ್ಯುವ, ಕಬ್ಬಿಣ ಕೊರೆಯುವ ಊರುಗಳೇ ಸಿಗುತ್ತವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ನೇಗಿಲು ಮಾಡಿ, 1910ರಲ್ಲಿ ಈಗಿನ ಕಿರ್ಲೋಸ್ಕರವಾಡಿಗೆ ಹೋಗಿ ಕಾರ್ಖಾನೆ ಕಟ್ಟಿದರು. ಉಗಾರದಲ್ಲಿ 1939ರಿಂದ ಸಕ್ಕರೆ ಕಂಪನಿ ಇದೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಗಾಣ ಬಿಚ್ಚಿ ಸವೆದ ಭಾಗ ಹೊಸದಾಗಿ ಮಾಡಿಸುವುದು ಸಕ್ಕರೆ ಸೀಮೆಗೆಲ್ಲ ಗೊತ್ತಿರುವ ಕೆಲಸ. ಹೀಗಾಗಿ ಯಂತ್ರ ಹಳತಾಯಿತೆಂದು ಗುಜರಿಗೆ ಹಾಕುವ ಮುನ್ನ ಇಲ್ಲಿನವರು ನಾಲ್ಕು ಸಲ ಯೋಚಿಸುತ್ತಾರೆ.

ಎಂಬತ್ತು, ತೊಂಬತ್ತರ ದಶಕದ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ, ಮಿಲ್ಲಿಂಗ್ ಯಂತ್ರದ ವಿಷಯದಲ್ಲಿ ಆ ಯೋಚನೆ ಮಾಡುವುದೇ ಸರಿ. ಅದರ ಮೈ ಎರಕದ ಕಬ್ಬಿಣ. ಈ ಕಬ್ಬಿಣದೊಳಗೆ ಗ್ರಾಫೈಟ್ ಪದರ ಪದರವಾಗಿ ಹರಡಿಕೊಂಡಿರುತ್ತದೆ. ಕಟರ್ ಕೊರೆಯುವಾಗ ಹುಟ್ಟುವ ನಡುಕವನ್ನು ಅದು ನುಂಗಿಕೊಳ್ಳುತ್ತದೆ. ಎರಕದಲ್ಲಿ ಉಳಿದ ಒಳ ಬಿಗುವು ವರ್ಷಗಳು ಕಳೆದಂತೆ ಸಡಿಲವಾಗುತ್ತದೆ, ಆಕಾರ ಸ್ಥಿರವಾಗುತ್ತದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಅದರ ಲೇತುಗಳು ಮಾತ್ರ ಇನ್ನೂ ಶೆಡ್ಡುಗಳಲ್ಲಿ ತಿರುಗುತ್ತಿವೆ.

ಸಿಎನ್‌ಸಿ ಯಂತ್ರದಲ್ಲಿ ಕೈಕೊಡುವುದು ಬೆನ್ನ ಹಿಂದಿನ ಕಪಾಟು. ಕಂಟ್ರೋಲರ್ ಬೋರ್ಡಿನ ಕೆಪಾಸಿಟರ್‌ಗಳೊಳಗಿನ ದ್ರವ ಒಣಗುತ್ತದೆ. ಮೆಮೊರಿ ಉಳಿಸುವ ಚಿಕ್ಕ ಬ್ಯಾಟರಿ ಸತ್ತರೆ ಯಂತ್ರದ ಅಳತೆ, ಮಿತಿ, ಹೊಂದಾಣಿಕೆ ಎಲ್ಲವೂ ಒಂದೇ ರಾತ್ರಿಯಲ್ಲಿ ಅಳಿಸಿಹೋಗುತ್ತವೆ. ಆ ಮಾದರಿಯ ಬೋರ್ಡು ಕಂಪನಿಯಲ್ಲೇ ಸಿಗುವುದಿಲ್ಲ. ಸಿಕ್ಕಿದರೂ ಅದರ ಮೆಮೊರಿ ಕೆಲವೇ ಕಿಲೋಬೈಟು. ಇವತ್ತಿನ ಒಂದು ಡೈ ಕೆತ್ತುವ ಪ್ರೋಗ್ರಾಮು ಮೆಗಾಬೈಟುಗಳ ಲೆಕ್ಕದಲ್ಲಿರುತ್ತದೆ. ಹಾಗಾಗಿ ಮೈ ಹಾಗೇ ಇಟ್ಟುಕೊಂಡು ಕಪಾಟನ್ನು ಬರಿದು ಮಾಡಿ, ಅಲ್ಲಿ ಸಾಮಾನ್ಯ ಪಿಸಿಯೊಂದನ್ನು ಕೂರಿಸುವುದು. ಇದಕ್ಕೆ ರೆಟ್ರೋಫಿಟ್ ಎನ್ನುತ್ತಾರೆ.

ಇದನ್ನು ಜುಗಾಡ್ ಎಂದು ಮೂಗು ಮುರಿಯುವವರಿಗೆ ಒಂದು ಸಂಗತಿ ಹೇಳಬೇಕು. ಜಗತ್ತಿನ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವೇ ಒಂದು ರೆಟ್ರೋಫಿಟ್. 1952ರಲ್ಲಿ ಅಮೆರಿಕದ ಎಂಐಟಿಯ ಸರ್ವೋ ಪ್ರಯೋಗಾಲಯದವರು ಹೊಸ ಯಂತ್ರ ಕಟ್ಟಲಿಲ್ಲ. ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಎಂಬ ಯಂತ್ರ ತಂದು, ಅದಕ್ಕೆ ನೂರಾರು ನಿರ್ವಾತ ಕೊಳವೆಗಳ ಕಪಾಟುಗಳನ್ನು ಜೋಡಿಸಿ, ತೂತು ಹೊಡೆದ ಪಟ್ಟಿಯಿಂದ ಓಡಿಸಿ ತೋರಿಸಿದರು. ಮುಂದೆ ತೊಂಬತ್ತರ ದಶಕದಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಪಿಸಿಯಲ್ಲಿ ನಡೆಯುವ ಮುಕ್ತ ನಿಯಂತ್ರಕವೊಂದನ್ನು ಬರೆದು ಜನರಲ್ ಮೋಟರ್ಸ್‌ನ ಪಾಂಟಿಯಾಕ್ ಘಟಕದ ಯಂತ್ರಕ್ಕೆ ಕೂರಿಸಿತು. ಸರ್ಕಾರಿ ನೌಕರರು ಬರೆದದ್ದಾದ್ದರಿಂದ ಅದು ಸಾರ್ವಜನಿಕರ ಸ್ವತ್ತಾಯಿತು. ಅದನ್ನೇ ಸ್ವಯಂಸೇವಕರು ಬೆಳೆಸಿಕೊಂಡು ಬಂದರು; ಈಗ ಅದರ ಹೆಸರು ಲಿನಕ್ಸ್‌ಸಿಎನ್‌ಸಿ. ಕಾಸು ಕೊಡಬೇಕಾಗಿಲ್ಲ.

ಇನ್ನು ಅಸಲು ಪ್ರಶ್ನೆ. ಯಂತ್ರ ನಡೆಸಲು ಪಿಸಿಗೆ ಎಷ್ಟು ಶಕ್ತಿ ಬೇಕು? ಕೆಲಸವನ್ನು ಹತ್ತಿರದಿಂದ ನೋಡೋಣ. ಟೇಬಲ್ಲನ್ನು ಸರಿಸುವ ಬಾಲ್ ಸ್ಕ್ರೂ ಒಂದು ಸುತ್ತಿಗೆ 10 ಮಿ.ಮೀ. ಮುಂದೆ ಹೋಗುತ್ತದೆ ಎನ್ನಿ. ಸ್ಕ್ರೂ ಎಷ್ಟು ತಿರುಗಿತೆಂದು ಹೇಳಲು ಅದರ ತುದಿಯಲ್ಲಿರುವ ಎನ್‌ಕೋಡರ್‌ನಲ್ಲಿ 2500 ಗೆರೆಗಳಿವೆ. ಒಂದೊಂದು ಗೆರೆಯಿಂದ ನಾಲ್ಕು ಸಂಜ್ಞೆ ಓದಬಹುದು. ಸುತ್ತಿಗೆ 10,000 ಸಂಜ್ಞೆ, ಅಂದರೆ ಒಂದು ಸಂಜ್ಞೆಗೆ ಒಂದು ಮೈಕ್ರಾನ್. ಪಿಸಿ ಪ್ರತಿ ಮಿಲಿಸೆಕೆಂಡಿಗೊಮ್ಮೆ ಈ ಎಣಿಕೆ ಓದಿ, ಟೇಬಲ್ ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಎಷ್ಟು ಅಂತರ ಎಂದು ಕಳೆದು ನೋಡಿ, ಮೋಟರಿನ ಡ್ರೈವಿಗೆ ಹೊಸ ವೇಗ ಹೇಳಬೇಕು. ಹಳೆ ಡ್ರೈವುಗಳಲ್ಲಿ ಈ ಮಾತು ಮೈನಸ್ 10ರಿಂದ ಪ್ಲಸ್ 10 ವೋಲ್ಟಿನ ಒಳಗೆ ಹೋಗುತ್ತದೆ. ಲೆಕ್ಕ ತೀರ ಸಣ್ಣದು. ಹತ್ತಾರು ವರ್ಷ ಹಳೆಯ ಪಿಸಿಗೂ ಅದು ಭಾರವಲ್ಲ.

ತೊಂದರೆ ಇರುವುದು ಸಮಯಪಾಲನೆಯಲ್ಲಿ. ಟೇಬಲ್ ನಿಮಿಷಕ್ಕೆ 6000 ಮಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಒಂದು ಮಿಲಿಸೆಕೆಂಡಿಗೆ 0.1 ಮಿ.ಮೀ. ಸಾಗುತ್ತದೆ. ಪಿಸಿ ಬೇರೇನೋ ಕೆಲಸದಲ್ಲಿ 20 ಮಿಲಿಸೆಕೆಂಡು ಮೈಮರೆತರೆ ನಮ್ಮ ಕಣ್ಣಿಗೆ ಗೊತ್ತೂ ಆಗುವುದಿಲ್ಲ, ಆದರೆ ಡ್ರೈವು ಕೊನೆಗೆ ಕೇಳಿದ ವೇಗದಲ್ಲೇ ಮೋಟರನ್ನು ಓಡಿಸುತ್ತಿರುತ್ತದೆ. ಕುರುಡಾಗಿ 2 ಮಿ.ಮೀ.! ಕೊರೆಯುತ್ತಿರುವ ಜಾಬ್ ಹಾಳು, ಕಟರ್ ಮುರಿದರೂ ಆಶ್ಚರ್ಯವಿಲ್ಲ. ಮನೆಯ ಕಂಪ್ಯೂಟರಿನ ಕಾರ್ಯವ್ಯವಸ್ಥೆಗೆ ಎಲ್ಲ ಕೆಲಸವೂ ಸರದಿಯದು: ಮೌಸ್, ಡಿಸ್ಕು, ಪರದೆ, ನೆಟ್‌ವರ್ಕು. ರಿಯಲ್ ಟೈಮ್ ವ್ಯವಸ್ಥೆ ಎಂದರೆ, ಕಾರ್ಖಾನೆ ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದರೂ ಆಂಬುಲೆನ್ಸಿಗೆ ದಾರಿ ಬಿಡಲೇಬೇಕೆಂಬ ಕಟ್ಟಳೆ. ಮಿಲಿಸೆಕೆಂಡು ತುಂಬಿತೋ, ಉಳಿದವೆಲ್ಲ ಪಕ್ಕಕ್ಕೆ. ಲಿನಕ್ಸಿಗೆ ಈ ಗುಣ ಕೊಡುವ ತಿದ್ದುಪಡಿ ಬಹುಕಾಲ ಹೊರಗಿನದಾಗಿಯೇ ಇತ್ತು, 2024ರಲ್ಲಿ 6.12ನೆಯ ಆವೃತ್ತಿಯಿಂದ ಮೂಲ ಕರ್ನೆಲ್‌ಗೇ ಸೇರಿತು.

ಆದ್ದರಿಂದ ದುಬಾರಿ ಪಿಸಿ ತಂದರೆ ಕೆಲಸ ಚೆನ್ನಾಗುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯದು. ವಿದ್ಯುತ್ ಉಳಿಸಲೆಂದು ಆಗಾಗ ತೂಕಡಿಸುವ ಹೊಸ ಲ್ಯಾಪ್‌ಟಾಪಿಗಿಂತ ಹಳೆ ಆಫೀಸಿನ ಡೆಸ್ಕ್‌ಟಾಪು ಎಷ್ಟೋ ಮೇಲು. ಪರೀಕ್ಷೆ ಸುಲಭ: ಪಿಸಿ ಎಷ್ಟು ತಡಮಾಡುತ್ತದೆ ಎಂದು ಅಳೆಯುವ ಲೇಟೆನ್ಸಿ ಟೆಸ್ಟ್ ಓಡಿಸಿಟ್ಟು, ಅದೇ ಹೊತ್ತಿಗೆ ವಿಡಿಯೊ ಹಚ್ಚಿ, ದೊಡ್ಡ ಫೈಲುಗಳನ್ನು ಕಾಪಿ ಮಾಡಿ, ವಿಂಡೋಗಳನ್ನು ಎಳೆದಾಡಬೇಕು. ತಡವಾದ ಅತಿ ದೊಡ್ಡ ಅವಧಿ ಕೆಲವು ಹತ್ತು ಮೈಕ್ರೊಸೆಕೆಂಡು ದಾಟದಿದ್ದರೆ ಆ ಪಿಸಿ ನಂಬಬಹುದು. ಎನ್‌ಕೋಡರ್ ಸಂಜ್ಞೆಗಳನ್ನು ಎಣಿಸುವ ಬಿರುಸಿನ ಕೆಲಸವನ್ನು ಪಿಸಿಗೆ ಬಿಡದೆ ಬೇರೊಂದು ಕಾರ್ಡಿಗೆ ವಹಿಸುವುದು ರೂಢಿ. ಇಂಥ ಕಾರ್ಡಿನಲ್ಲಿ ಕಾವಲುಗಾರನೂ ಇರುತ್ತಾನೆ. ಪಿಸಿಯಿಂದ ಹೊತ್ತಿಗೆ ಸರಿಯಾಗಿ ಸುದ್ದಿ ಬಾರದಿದ್ದರೆ ಅವನು ತಾನೇ ಔಟ್‌ಪುಟ್ ಕಡಿದುಬಿಡುತ್ತಾನೆ.

ಮೊದಲ ಸಲ ಮೋಟರಿಗೆ ಕರೆಂಟು ಕೊಡುವ ಗಳಿಗೆಗೆ ಎದೆಗಾರಿಕೆಗಿಂತ ಜಾಣತನ ಬೇಕು. ಎನ್‌ಕೋಡರಿನ ಎರಡು ತಂತಿ ಅದಲುಬದಲಾಗಿದ್ದರೆ ಮೋಟರು ಮುಂದೆ ಹೋದದ್ದು ಪಿಸಿಗೆ ಹಿಂದೆ ಹೋದಂತೆ ಕಾಣುತ್ತದೆ. ಅಂತರ ತುಂಬಲು ಇನ್ನಷ್ಟು ವೇಗ ಹೇಳುತ್ತದೆ, ಅಂತರ ಇನ್ನಷ್ಟು ಹಿಗ್ಗುತ್ತದೆ. ತಪ್ಪು ತಿದ್ದಬೇಕಾದ ಸುತ್ತೇ ತಪ್ಪನ್ನು ಬೆಳೆಸುತ್ತ ಹೋಗಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಟೇಬಲ್ ತುದಿಗೆ ಬಡಿಯುತ್ತದೆ. ಅದಕ್ಕೇ ಮೊದಲು ಮೋಟರಿನ ಬೆಲ್ಟು ಬಿಚ್ಚಿಟ್ಟು, ಸ್ಕ್ರೂವನ್ನು ಕೈಯಿಂದ ತಿರುಗಿಸಿ ಎಣಿಕೆ ಯಾವ ದಿಕ್ಕಿಗೆ ಏರುತ್ತದೆ ಎಂದು ನೋಡಿಕೊಳ್ಳಬೇಕು. ಜೊತೆಗೆ ಅಂತರ ಇಂತಿಷ್ಟು ದಾಟಿದರೆ ಯಂತ್ರ ನಿಲ್ಲಲಿ ಎಂದು ಮಿತಿ ಹಾಕಿಡಬೇಕು. ಕೆಂಪು ತುರ್ತು ಗುಂಡಿಯನ್ನಂತೂ ಪಿಸಿಯ ಕೈಗೆ ಕೊಡಲೇಬಾರದು. ಅದರ ತಂತಿ ನೇರವಾಗಿ ಕಾಂಟ್ಯಾಕ್ಟರಿಗೆ ಹೋಗಬೇಕು, ಪಿಸಿಗೆ ಬರೀ ಸುದ್ದಿ ತಲುಪಿದರೆ ಸಾಕು. ಮೇಲೆ ಕೆಳಗೆ ಚಲಿಸುವ ಭಾಗಕ್ಕೆ ಬ್ರೇಕು ಬೇರೆ ಇರಬೇಕು. ಕರೆಂಟು ಹೋದಾಗ ಭಾರವಾದ ಸ್ಪಿಂಡಲ್ ತಲೆ ಜಾಬಿನ ಮೇಲೆ ಕುಸಿಯಬಾರದಲ್ಲ!

ಪಿಸಿಯಿಂದ ಆಗದ ಕೆಲಸಗಳೂ ಇವೆ. ಎರಕದ ಕಬ್ಬಿಣ ಒಂದು ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಮೇ ತಿಂಗಳ ಉಗಾರದಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ 15 ಡಿಗ್ರಿ ವ್ಯತ್ಯಾಸವಾದರೆ ಅರ್ಧ ಮೀಟರಿನ ಜಾಬಿನಲ್ಲಿ ಎಂಬತ್ತು ಮೈಕ್ರಾನ್ ಹೋಯಿತು. ತಗಡಿನ ಶೆಡ್ಡಿನ ಕೆಳಗೆ ಹೊಸ ಕಂಟ್ರೋಲರ್ ಇದ್ದರೂ ಏನೂ ಮಾಡಲಾರದು. ಸ್ಲೈಡುಗಳು ನಡುವೆ ಸವೆದು ಹಳ್ಳ ಬಿದ್ದಿದ್ದರೂ ಅಷ್ಟೇ. ಅಂಥ ಯಂತ್ರಕ್ಕೆ ರೆಟ್ರೋಫಿಟ್ ಮಾಡಿಸುವುದು ದುಡ್ಡು ಕೃಷ್ಣೆಗೆ ಸುರಿದಂತೆ ಎಂದೇ ನನ್ನ ಅಭಿಪ್ರಾಯ. ಮೊದಲು ಸ್ಲೈಡನ್ನು ಹೆರೆದು ಸಮ ಮಾಡುವ ಸ್ಕ್ರೇಪಿಂಗ್, ಆಮೇಲೆ ಸಾಫ್ಟ್‌ವೇರ್.

ಸ್ಕ್ರೂವಿನ ಪ್ಲೇ, ಅಂದರೆ ಸ್ಕ್ರೂವಿಗೂ ನಟ್ಟಿಗೂ ನಡುವಿನ ಸಂದು, ಹಿಡಿಯುವುದು ಹೀಗೆ: ಟೇಬಲ್ಲಿಗೆ ಡಯಲ್ ತಾಗಿಸಿ, ಒಂದು ದಿಕ್ಕಿಗೆ ಸ್ವಲ್ಪ ಸರಿಸಿ ಸೊನ್ನೆ ಮಾಡಿ, ಅದೇ ದಿಕ್ಕಿಗೆ ಇನ್ನೂ 0.1 ಮಿ.ಮೀ. ಸರಿಸಿ, ಅಷ್ಟೇ ವಾಪಸ್ ಕರೆಯಬೇಕು. ಮುಳ್ಳು ಸೊನ್ನೆಗೆ ಬರದೆ ಎಷ್ಟು ದೂರದಲ್ಲಿ ನಿಂತಿತೋ ಅಷ್ಟು ಪ್ಲೇ. ಆ ಸಂಖ್ಯೆಯನ್ನು ಪಿಸಿಗೆ ಹೇಳಿದರೆ ದಿಕ್ಕು ಬದಲಾದಾಗಲೆಲ್ಲ ಅಷ್ಟು ಹೆಚ್ಚುವರಿ ತಿರುಗಿಸುತ್ತದೆ. ಆದರೆ ಕಟರಿನ ಹಲ್ಲು ಟೇಬಲ್ ಹೋಗುವ ದಿಕ್ಕಿಗೇ ಜಾಬನ್ನು ಎಳೆಯುವ ರೀತಿಯ ಕೊರೆತದಲ್ಲಿ, ಆ ಸಂದಿನೊಳಗೆ ಟೇಬಲ್ಲನ್ನು ಕಟರೇ ಜಗ್ಗಿಕೊಳ್ಳುತ್ತದೆ. ಸ್ಕ್ರೂವಿನ ತುದಿಯ ಎನ್‌ಕೋಡರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ಅಲ್ಯುಮಿನಿಯಂ ತಟ್ಟೆಯಲ್ಲಿ ವೃತ್ತ ಕೊರೆದು ಅಂಚಿನ ಮೇಲೆ ಉಗುರು ಆಡಿಸಿ ನೋಡಿ: ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಕಡೆ ಸಣ್ಣ ಮೆಟ್ಟಿಲು ತಾಗಿದರೆ, ಸೆಟ್ಟಿಂಗು ತಿದ್ದುವುದು ಬಿಟ್ಟು ಸ್ಕ್ರೂ ಬಿಚ್ಚಬೇಕು, ನಟ್ಟು ಮತ್ತು ಬೇರಿಂಗು ಬಿಗಿ ಮಾಡಬೇಕು, ಇಲ್ಲವೇ ಬದಲಿಸಬೇಕು.