ಉಪ್ಪು ಎಲ್ಲರಿಗೂ, ಖಾರ ಅವರವರಿಗೆ

ತಪಸ್ಸುಕಾಲ ಬಂದಿತೆಂದರೆ ಕಥೋಲಿಕ ಕುಟುಂಬಗಳಲ್ಲಿ ಮೊದಲು ಬದಲಾಗುವುದು ಅಡುಗೆಮನೆ. ಬಾಡಿನ ಸಾರಿನ ಘಮಲು ಹಿಂದೆ ಸರಿದು, ಸೊಪ್ಪು ಕಾಳುಗಳು ಬೇಯುವ ವಾಸನೆ ಮನೆಯನ್ನು ತುಂಬುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಆ ದಿನಗಳಿಗೆ ಒಪ್ಪುವ ಊಟವೆಂದರೆ ರಾಗಿಹಿಟ್ಟು ಮತ್ತು ಉಪ್ಪುಸಾರು. ಆಡುಮಾತಿನಲ್ಲಿ ಅದು ಉಪ್ಸಾರು. ಹೆಸರಿನಲ್ಲಿ ಉಪ್ಪು ಮಾತ್ರವಿದ್ದರೂ ಉಂಡವರಿಗೆ ನೆನಪಿನಲ್ಲಿ ಉಳಿಯುವುದು ಅದರ ಖಾರ. ಈ ವೈಚಿತ್ರ್ಯದಲ್ಲಿ ಒಂದು ವಿವೇಕ ಅಡಗಿದೆ.

ಇದನ್ನು ಮಾಡುವ ಬಗೆ ಎಲ್ಲ ತಾಯಂದಿರೂ ಬಲ್ಲದ್ದೇ. ಐದಾರು ಜನರಿಗೆ ಅರ್ಧ ಪಾವು ತೊಗರಿಬೇಳೆಯನ್ನೋ, ನೆನೆಸಿದ ಹುರುಳಿ ಅಥವಾ ಅಲಸಂದೆ ಕಾಳನ್ನೋ ಧಾರಾಳ ನೀರಿನಲ್ಲಿ ಬೇಯಲಿಡಬೇಕು. ಅರೆಬೆಂದಾಗ ಹೆಚ್ಚಿದ ದಂಟಿನ ಸೊಪ್ಪನ್ನು ಅಥವಾ ಹೊಲದಲ್ಲಿ ಸಿಕ್ಕ ಬೆರಕೆ ಸೊಪ್ಪನ್ನು ಸೇರಿಸಿ ಉಪ್ಪು ಹಾಕಬೇಕು. ಬೆಂದ ಮೇಲೆ ಕಟ್ಟನ್ನು ಬಸಿದು ಬೇರೆ ಪಾತ್ರೆಗೆ ತೆಗೆದರೆ ಅದೇ ಸಾರು. ಉಳಿದ ಸೊಪ್ಪು ಕಾಳುಗಳಿಗೆ ಸಾಸಿವೆ, ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಇನ್ನು ಖಾರ: ಎಂಟು ಹತ್ತು ಒಣಮೆಣಸಿನಕಾಯಿಯನ್ನು ಹುರಿದು, ಒಂದು ಚಮಚ ಜೀರಿಗೆ, ಕೆಲವು ಕಾಳು ಮೆಣಸು, ಏಳೆಂಟು ಎಸಳು ಬೆಳ್ಳುಳ್ಳಿ, ಚಿಕ್ಕ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆಯಬೇಕು. ಹಸಿಮೆಣಸಿನಕಾಯಿಯನ್ನು ಸುಟ್ಟು ಅರೆಯುವವರೂ ಉಂಟು. ಒರಳುಕಲ್ಲು ಮೂಲೆ ಸೇರಿ ಮಿಕ್ಸಿ ಬಂದಿದ್ದರೂ ಕ್ರಮ ಬದಲಾಗಿಲ್ಲ.

ಈ ಖಾರದಲ್ಲಿ ಚರಿತ್ರೆಯೂ ಇದೆ. ಕಾಳುಮೆಣಸು ನಮ್ಮ ಘಟ್ಟಗಳ ಬೆಳೆ; ಮೆಣಸಿನಕಾಯಿಯಾದರೋ ಅಮೆರಿಕ ಖಂಡದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು. ಬಂದ ಅತಿಥಿ ಮನೆಯವನೇ ಆಗಿಬಿಟ್ಟ, ಮನೆಯವನನ್ನೂ ಹೊರಹಾಕಲಿಲ್ಲ. ಇಂದಿಗೂ ಒಂದೇ ಕಲ್ಲಿನಲ್ಲಿ ಎರಡೂ ಅರೆಯಲ್ಪಡುತ್ತವೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯಲ್ಲಿ, ಕನ್ನಡ ಮತ್ತು ತಮಿಳು ಮನೆಮಾತಿನ ಕಥೋಲಿಕರು ಒಂದೇ ಪೀಠದ ಮುಂದೆ ಮೊಣಕಾಲೂರುವುದನ್ನು ಕಂಡವರಿಗೆ ಇದು ಹೊಸತೆನಿಸದು.

ಆದರೆ ಗಮನಿಸಬೇಕಾದ ಮುಖ್ಯ ಸಂಗತಿ ಬೇರೆ. ಇದೇ ಕಟ್ಟಿಗೆ ಮಸಾಲೆ ಅರೆದು ಹಾಕಿ ಕುದಿಸಿದರೆ ಅದು ಬಸ್ಸಾರು. ಅಲ್ಲಿ ಖಾರವೆಷ್ಟೆಂಬುದನ್ನು ಅಡುಗೆಯವರು ಎಲ್ಲರ ಪರವಾಗಿ ತೀರ್ಮಾನಿಸುತ್ತಾರೆ. ಉಪ್ಪುಸಾರಿನಲ್ಲಿ ಹಾಗಲ್ಲ. ಮಡಕೆಯಲ್ಲಿ ಉಪ್ಪು ಮಾತ್ರ. ಖಾರ ತಟ್ಟೆಯ ಅಂಚಿನಲ್ಲಿ. ಹೊಲದಿಂದ ಬಂದವನು ನಿಂಬೆ ಗಾತ್ರದ ಖಾರ ಕಲಸಿಕೊಳ್ಳುತ್ತಾನೆ. ಮಗುವಿಗೆ ಬೆರಳ ತುದಿಯಷ್ಟು. ಹೊಟ್ಟೆನೋವಿನ ಅಜ್ಜಿಗೆ ಏನೂ ಇಲ್ಲ. ಆದರೂ ಎಲ್ಲರೂ ಉಣ್ಣುವುದು ಒಂದೇ ಮಡಕೆಯ ಸಾರನ್ನೇ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಹಿತಮಿತವನ್ನು ವಿವರಿಸಲು ಊಟದ ದೃಷ್ಟಾಂತವನ್ನೇ ಕೊಡುತ್ತಾನೆ. ಹತ್ತು ಪಾಲು ಹೆಚ್ಚು, ಎರಡು ಪಾಲು ಕಡಿಮೆ ಎಂದಮಾತ್ರಕ್ಕೆ ಗರಡಿಯ ಗುರು ಎಲ್ಲರಿಗೂ ಆರು ಪಾಲು ಬಡಿಸುವುದಿಲ್ಲ. ಅದು ಮಿಲೋ ಎಂಬ ಜಟ್ಟಿಗೆ ಸಾಲದು, ಹೊಸದಾಗಿ ಗರಡಿಗೆ ಬಂದವನಿಗೆ ಅತಿಯಾದೀತು. ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದರು. ಧರ್ಮಸಭೆಯ ನಿಯಮದಲ್ಲಿಯೂ ಇದೇ ವಿವೇಕವಿದೆ. 1983ರ ಕಾನೂನು ಸಂಹಿತೆಯ ಪ್ರಕಾರ ಮಾಂಸವರ್ಜನೆ 14 ವರ್ಷ ತುಂಬಿದವರಿಗೆ. ಉಪವಾಸ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ತಪಸ್ಸು ಎಲ್ಲರದು, ಅದರ ಖಾರ ಅವರವರ ಶಕ್ತಿಗೆ ತಕ್ಕಷ್ಟು.

ಇಷ್ಟಾದರೂ ನಮ್ಮ ಮನೆಗಳಲ್ಲಿ ಒಬ್ಬರಿಗೆ ಮಾತ್ರ ಈ ನ್ಯಾಯ ದೊರೆಯುತ್ತಿಲ್ಲ. ಬಡಿಸಿದವಳು ಕೊನೆಗೆ ಕೂರುತ್ತಾಳೆ. ಅಷ್ಟರಲ್ಲಿ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಬೇಳೆ, ಕಾಳು, ಸೊಪ್ಪು ಎಲ್ಲವೂ ಮೊದಲ ಪಂಕ್ತಿಗೆ. ಕೊನೆಯವಳಿಗೆ ತಿಳಿಯಾದ ಕಟ್ಟು ಮತ್ತು ಖಾರ. ಖಾರ ಹಸಿವನ್ನು ಮರೆಸೀತೇ ಹೊರತು ರಕ್ತವನ್ನು ಕೊಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ. ಇದಕ್ಕೆ ಕಾರಣಗಳು ಹಲವು. ಕೊನೆಯ ತಟ್ಟೆಯೂ ಅವುಗಳಲ್ಲೊಂದು. ಗರ್ಭಿಣಿ ಸೊಸೆ, ಕೂಲಿ ಮುಗಿಸಿ ಬಂದು ಒಲೆ ಹಚ್ಚುವ ತಾಯಿ, ವರ್ಷವಿಡೀ ಯಾರೂ ಎಣಿಸದ ಉಪವಾಸವನ್ನು ಆಚರಿಸುತ್ತಿದ್ದಾರೆ. ಅದನ್ನು ತ್ಯಾಗವೆಂದು ಹೊಗಳಿ ನಾವು ಕೈತೊಳೆದುಕೊಳ್ಳುತ್ತೇವೆ. ತಾನಾಗಿ ಬಿಟ್ಟದ್ದು ತ್ಯಾಗ. ಉಳಿಯದೇ ಹೋದದ್ದು ಕೊರತೆ.

ಕೊರಿಂಥದ ಕ್ರೈಸ್ತರನ್ನು ಸಂತ ಪೌಲರು ಗದರಿಸಿದ್ದು ಇಂಥದೇ ಕಾರಣಕ್ಕೆ. ಪ್ರಭುವಿನ ಭೋಜನಕ್ಕೆಂದು ಕೂಡಿದವರಲ್ಲಿ ಕೆಲವರು ಮುಂದಾಗಿ ತಿಂದು ತೃಪ್ತರಾಗುತ್ತಿದ್ದರು, ಕೆಲವರು ಹಸಿದೇ ಇರುತ್ತಿದ್ದರು. ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂಬುದೇ ಅವರ ಬುದ್ಧಿವಾದ. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ ಮನೆಗೆ ಮರಳುವ ನಮಗೆ ಈ ಮಾತು ತಟ್ಟಬೇಡವೆ?

ಆದ್ದರಿಂದ ಈ ತಪಸ್ಸುಕಾಲದಲ್ಲಿ ಪ್ರತಿ ಕುಟುಂಬವೂ ಒಂದು ಚಿಕ್ಕ ವ್ರತವನ್ನು ಕೈಗೊಳ್ಳಬಹುದು. ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಲಿ. ಅದು ಸಾಧ್ಯವಾಗದ ದಿನ, ಪಲ್ಯದ ಮೊದಲ ಪಾಲನ್ನು ಕೊನೆಗೆ ಉಣ್ಣುವವರಿಗಾಗಿ ತೆಗೆದಿಟ್ಟು ಮುಚ್ಚಲಿ. ಆ ಕೆಲಸವನ್ನು ಮನೆಯ ಯಜಮಾನನೇ ಮಾಡಲಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಉಪ್ಪನ್ನು ಸರಿಯಾಗಿ ಹಾಕಲು ಆ ತಾಯಿ ಎಂದೂ ಮರೆತಿಲ್ಲ. ಅವಳ ತಟ್ಟೆಯಲ್ಲಿ ಏನಿದೆಯೆಂದು ನೋಡುವ ಸರದಿ ಈಗ ನಮ್ಮದು.